ಹೆದ್ದಾರಿ ಅಗಲವಾಗುವಾಗ ಕರೆಂಟ್ ಲೈನ್ ನಮ್ಮ ಜಮೀನಿಗೆ ಬಂದರೆ: ಯಾವ ಒಪ್ಪಂದ ಯಾರಿಗೆ ಸರಿ?

ಹೆದ್ದಾರಿಗೆ ಜಮೀನು ಹೋಯಿತು, ಪರಿಹಾರ ಖಾತೆಗೆ ಬಂತು, ಗಡಿ ಕಲ್ಲು ನೆಟ್ಟರು. ಇನ್ನು ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಹಳೆಯ ರಸ್ತೆಯ ಪಕ್ಕದಲ್ಲಿದ್ದ ಕರೆಂಟ್ ಕಂಬ, ಕುಡಿಯುವ ನೀರಿನ ಪೈಪು, ಕೇಬಲ್ಲು ಇವೆಲ್ಲ ಎಲ್ಲಾದರೂ ಹೋಗಲೇಬೇಕಲ್ವಾ? ಹೊಸ ರಸ್ತೆಯ ಜಾಗದೊಳಗೆ ಕೂರಿಸದಿದ್ದರೆ ಅವು ಬರುವುದು ನಮ್ಮ ಉಳಿದ ಜಮೀನಿಗೇ.

ನಮ್ಮ ತೋಟದಲ್ಲಿ ಆಗಿದ್ದೂ ಇದೇ. ತುಮಕೂರು–ಶಿವಮೊಗ್ಗ ರಸ್ತೆಯನ್ನು ನಾಲ್ಕು ಪಥ ಮಾಡಲು ಶುರು ಮಾಡಿದಾಗ (ನಮ್ಮ ಕಡೆ ಈಗಲೂ ಎಲ್ಲರೂ ಅದನ್ನು 206 ಅಂತಲೇ ಕರೆಯುತ್ತಾರೆ) ಒಂದು ಬೆಳಗ್ಗೆ ತೆಂಗಿನ ಎರಡನೇ ಸಾಲಿಗೂ ಮೂರನೇ ಸಾಲಿಗೂ ನಡುವೆ ಕೆಂಪು ಬಣ್ಣ ಬಳಿದ ಗೂಟ ನಿಂತಿತ್ತು. ಮಧ್ಯಾಹ್ನ ಗುತ್ತಿಗೆದಾರರ ಕಡೆಯ ಹುಡುಗನೊಬ್ಬ ಬೈಕಿನಲ್ಲಿ ಬಂದ. ಕೈಯಲ್ಲಿ ಒಂದೇ ಹಾಳೆಯ ಒಪ್ಪಿಗೆ ಪತ್ರ. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಸರ್ವೆ ನಂಬರ್ ಇತ್ತು, ಅಪ್ಪನ ಹೆಸರಿತ್ತು. ಎಷ್ಟು ಕಂಬ ಅನ್ನುವ ಜಾಗ ಖಾಲಿ. ಕೊನೆಯಲ್ಲಿ ‘ಮುಂದೆ ಯಾವುದೇ ಕಾಲಕ್ಕೂ ಯಾವುದೇ ತಕರಾರು ಮಾಡುವುದಿಲ್ಲ’ ಅನ್ನುವ ಸಾಲು. ‘ಎಲ್ಲರೂ ಹಾಕಿದ್ದಾರೆ ಸಾರ್, ಸುಮ್ನೆ ಒಂದು ಸಹಿ’ ಅಂದ ಆ ಹುಡುಗ.

ಅಪ್ಪ ಸಹಿ ಹಾಕಲಿಲ್ಲ. ಆ ದಿನದಿಂದ ಸುಮಾರು ಐದು ತಿಂಗಳು ನಾನು ಈ ವಿಷಯದ ಹಿಂದೆ ಬಿದ್ದೆ. ವಕೀಲರ ಹತ್ತಿರ, ಸರ್ವೆಯರ್ ಹತ್ತಿರ, ಲೈನ್‌ಮನ್‌ಗಳ ಹತ್ತಿರ, ಮೊದಲೇ ಸಹಿ ಹಾಕಿ ಕೂತಿದ್ದ ಅಕ್ಕಪಕ್ಕದವರ ಹತ್ತಿರ ಕೇಳಿ ತಿಳಿದುಕೊಂಡೆ. ಹೀಗೆ ತಿಳಿದದ್ದರಲ್ಲಿ ದೊಡ್ಡದು ಇದು: ದುಡ್ಡಿನ ಮಾತು ಎರಡನೆಯದು. ಲೈನ್ ಎಲ್ಲಿ ಹೋಗುತ್ತದೆ ಅನ್ನುವ ಗೆರೆಯ ಮಾತು ಮೊದಲು. ದರ ಸ್ವಲ್ಪ ಕಮ್ಮಿಯಾದರೆ ಒಂದು ಸಲದ ನಷ್ಟ. ಗೆರೆ ತಪ್ಪಿದರೆ ಮಕ್ಕಳ ಕಾಲಕ್ಕೂ ನಷ್ಟ.

ಮೊದಲು ಇದು ಯಾವ ಲೈನ್ ಅಂತ ತಿಳಿಯಿರಿ

ನಮ್ಮ ಕೈಯಲ್ಲಿ ಎಷ್ಟು ಬಲ ಇದೆ ಅನ್ನುವುದು ಪೂರ್ತಿ ಇದರ ಮೇಲೆ ನಿಂತಿದೆ. ಎಲ್ಲ ಕಂಬವೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ.

ಊರಿನ ಕಂಬಗಳು, 11 ಕೆವಿ (ಕಿಲೋವೋಲ್ಟ್) ಲೈನ್‌ಗಳು ಬೆಸ್ಕಾಂ, ಸೆಸ್ಕ್, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಇವುಗಳದ್ದು. ಇಂಥ ಲೈನ್‌ಗೆ ಸಾಮಾನ್ಯವಾಗಿ 2003ರ ವಿದ್ಯುತ್ ಕಾಯ್ದೆಯ 67ನೇ ಸೆಕ್ಷನ್ ಮತ್ತು ಅದರಡಿ ಬಂದ 2006ರ ನಿಯಮಗಳು ಅನ್ವಯ ಆಗುತ್ತವೆ. ಖಾಸಗಿ ಜಮೀನಿನಲ್ಲಿ ಕೆಲಸ ಮಾಡಲು ಮಾಲೀಕರ ಒಪ್ಪಿಗೆ ಮೊದಲೇ ಬೇಕು. ಮಾಲೀಕರು ಆಕ್ಷೇಪಿಸಿದರೆ ಜಿಲ್ಲಾ ಮ್ಯಾಜಿಸ್ಟ್ರೇಟರು, ಅಂದರೆ ನಮ್ಮ ಡಿಸಿ, ಬರವಣಿಗೆಯಲ್ಲಿ ಅನುಮತಿ ಕೊಡಬೇಕು. ಹಾಗೆ ಕೊಡುವಾಗ ಅವರು ಪರಿಹಾರವನ್ನೋ, ವರ್ಷದ ಬಾಡಿಗೆಯನ್ನೋ, ಎರಡನ್ನೂ ಸೇರಿಸಿಯೋ ನಿಗದಿ ಮಾಡಬೇಕು. ವರ್ಷದ ಬಾಡಿಗೆ ಅನ್ನುವ ಮಾತು ನಿಯಮದಲ್ಲೇ ಇದೆ. ನಾನು ಮಾತಾಡಿಸಿದ ರೈತರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

ದೊಡ್ಡ ಟವರ್ ಲೈನ್‌ಗಳ ಕಥೆ ಬೇರೆ. ಹಳೆ ಮೈಸೂರು ಕಡೆ 66 ಕೆವಿ, ಕರಾವಳಿ ಮತ್ತು ಉತ್ತರ ಕರ್ನಾಟಕದಲ್ಲಿ 110 ಕೆವಿ ಜಾಸ್ತಿ ಕಾಣುತ್ತೇವೆ. ಅದರ ಮೇಲೆ 220, 400 ಕೆವಿ. ಇವಕ್ಕೆ ಅದೇ ಕಾಯ್ದೆಯ 164ನೇ ಸೆಕ್ಷನ್ ಮೂಲಕ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಟ್ಟಿರುತ್ತಾರೆ. ಆ ಅಧಿಕಾರ ಇದ್ದರೆ ಮಾಲೀಕರ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟೂ ಹೇಳಿದೆ. ಜಮೀನಿನ ಮಾಲೀಕತ್ವ ಮಾತ್ರ ನಮ್ಮಲ್ಲೇ ಉಳಿಯುತ್ತದೆ, ಅವರಿಗೆ ಸಿಗುವುದು ಬಳಕೆಯ ಹಕ್ಕು. ಆದಷ್ಟು ಕಮ್ಮಿ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು ಅನ್ನುವುದು ಟೆಲಿಗ್ರಾಫ್ ಕಾಯ್ದೆಯ 10ನೇ ಸೆಕ್ಷನ್ನಿನ ಮಾತು. ಪರಿಹಾರ ಸಾಲದು ಅನ್ನಿಸಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ.

ಗ್ಯಾಸ್ ಅಥವಾ ಪೆಟ್ರೋಲಿಯಂ ಪೈಪ್‌ಲೈನ್ ಆದರೆ 1962ರ ಬೇರೆಯದೇ ಕಾಯ್ದೆ. ಅಧಿಸೂಚನೆ ಬಂದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. ಹಾನಿಯ ಪರಿಹಾರದ ಜೊತೆಗೆ ಬಳಕೆ ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ ನೂರಕ್ಕೆ 10. ಆಮೇಲೆ ಪೈಪ್ ಹೋಗುವ ಆ ಜಾಗದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ರಾಗಿ, ತರಕಾರಿ ಬೆಳೆಯುವವರಿಗೆ ಇದು ಹೇಗೋ ನಡೆಯುತ್ತದೆ. ಅಡಿಕೆ, ತೆಂಗು ಇರುವವರಿಗೆ ಆ 21 ದಿನವೇ ಎಲ್ಲ.

ಇನ್ನೊಂದು ದಾರಿಯೂ ಉಂಟು. ಹೆದ್ದಾರಿಯವರೇ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಬಳಕೆ ಹಕ್ಕನ್ನು ಮಾತ್ರ ಸ್ವಾಧೀನ ಮಾಡಿಕೊಂಡರೆ 3ಜಿ(2) ಪ್ರಕಾರ ಆ ಜಮೀನಿಗೆ ನಿಗದಿಯಾಗುವ ಮೊತ್ತದ ನೂರಕ್ಕೆ 10 ಕೊಡಬೇಕು. ಕಂಬದ ವಿಷಯದಲ್ಲಿ ಇದನ್ನು ಬಳಸಿದ್ದು ನಾನು ಹತ್ತಿರದಿಂದ ನೋಡಿಲ್ಲ. ಆದರೆ ‘ನಮ್ಮ ಹತ್ತಿರ ಪರಿಹಾರಕ್ಕೆ ಅವಕಾಶವೇ ಇಲ್ಲ’ ಅನ್ನುವವರ ಮುಂದೆ ಇಡಲು ಒಳ್ಳೆಯ ಸೆಕ್ಷನ್.

ರಸ್ತೆಯ ಜಾಗದೊಳಗೇ ಇಡಿ ಅಂತ ಪಟ್ಟು ಹಿಡಿಯುವುದು

ನನ್ನ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಇದು. ಬೇರೆ ಯಾವುದನ್ನೂ ಯೋಚಿಸುವ ಮೊದಲು ಇದನ್ನು ಪೂರ್ತಿ ಪ್ರಯತ್ನಿಸಿ ನೋಡಬೇಕು.

ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವಾಗ ಡಾಂಬರಿಗೆ ಬೇಕಾದಷ್ಟೇ ತೆಗೆದುಕೊಳ್ಳುವುದಿಲ್ಲ. ಚರಂಡಿ, ಸರ್ವಿಸ್ ರಸ್ತೆ, ಕಂಬ, ಪೈಪಿಗೆ ಅಂತ ಅಂಚಿನಲ್ಲಿ ಜಾಗ ಇಟ್ಟಿರುತ್ತಾರೆ. ಅದಕ್ಕೆ ನಾವು ಒಂದು ಸಲ ಜಮೀನು ಕೊಟ್ಟಾಗಿದೆ. ಮತ್ತೆ ಕಂಬ ಯಾಕೆ ಹೊರಗೆ ಬರುತ್ತದೆ? ಕೆಲವು ಕಡೆ ನಿಜವಾದ ಕಾರಣ ಇರುತ್ತದೆ: ಮೇಲ್ಸೇತುವೆ, ಹಳ್ಳ, ತಿರುವು. ಎಷ್ಟೋ ಕಡೆ ಕಾರಣ ಇಷ್ಟೇ, ಹೊರಗೆ ಹಾಕಿದರೆ ಅಂಚಿನ ಕೆಲಸಕ್ಕೆ ಮುಂದೆ ಅಡ್ಡಿ ಬರುವುದಿಲ್ಲ.

ಮಾಡಬೇಕಾದ್ದು ಇಷ್ಟು. ಜಂಟಿ ಅಳತೆಯ ನಕ್ಷೆ ತೆಗೆದುಕೊಳ್ಳಿ. 3ಡಿ ಅಧಿಸೂಚನೆಯಲ್ಲಿ (ಹೆದ್ದಾರಿ ಕಾಯ್ದೆಯಡಿ ಜಮೀನು ಸ್ವಾಧೀನವಾಯಿತು ಅನ್ನುವ ಪ್ರಕಟಣೆ) ನಿಮ್ಮ ಸರ್ವೆ ನಂಬರಿನಿಂದ ಎಷ್ಟು ಗುಂಟೆ ಹೋಗಿದೆ ನೋಡಿ. ಆಮೇಲೆ ಟೇಪು ಹಿಡಿದು ಗೂಟ ಯಾವ ಕಡೆ ಇದೆ ಅಂತ ಅಳೆಯಿರಿ. ಗೂಟ ಸ್ವಾಧೀನದ ಗೆರೆಯೊಳಗೆ ಇದ್ದರೆ ನೀವು ಯಾವ ಕಾಗದಕ್ಕೂ ಸಹಿ ಹಾಕಬೇಕಿಲ್ಲ. ಹೊರಗೆ ಇದ್ದರೆ ‘ಒಳಗೆ ಯಾಕೆ ಆಗುವುದಿಲ್ಲ’ ಅಂತ ಬರವಣಿಗೆಯಲ್ಲಿ ಕೇಳಿ. ಹೆದ್ದಾರಿಯ ಯೋಜನಾ ಕಚೇರಿಗೆ ಒಂದು ಪ್ರತಿ, ವಿದ್ಯುತ್ ಕಂಪನಿಯ ವಿಭಾಗ ಕಚೇರಿಗೆ ಒಂದು ಪ್ರತಿ, ಎರಡಕ್ಕೂ ಸ್ವೀಕೃತಿ ಮುದ್ರೆ. ನಮ್ಮ ಪಕ್ಕದೂರಿನಲ್ಲಿ ನಾಲ್ಕು ಕುಟುಂಬ ಸೇರಿ ಇಂಥ ಪತ್ರ ಕೊಟ್ಟ ಮೇಲೆ ಮೂರು ಕಂಬ ಗೆರೆಯೊಳಗೆ ಹೋದವು. ಕೋರ್ಟಿಗೆ ಹೋಗಿರಲಿಲ್ಲ, ಜಗಳವನ್ನೂ ಆಡಿರಲಿಲ್ಲ.

ಇದಕ್ಕೆ ಸಮಯ ಮುಖ್ಯ. ಲೈನ್ ಎತ್ತದೆ ರಸ್ತೆಯ ಮಣ್ಣಿನ ಕೆಲಸ ಶುರುವಾಗುವುದಿಲ್ಲ. ಹಾಗಾಗಿ ಗೂಟ ನೆಟ್ಟ ವಾರದಲ್ಲಿ ನಿಮ್ಮ ಮಾತಿಗೆ ಇರುವ ತೂಕ ಕಂಬ ನಿಂತ ಮೇಲೆ ಇರುವುದಿಲ್ಲ.

ಒಪ್ಪಿಗೆ ಪತ್ರ ಮತ್ತು ಬೆಳೆ ಪರಿಹಾರ

ಹತ್ತರಲ್ಲಿ ಒಂಬತ್ತು ಜನ ಮಾಡುವುದು ಇದನ್ನೇ. ಒಂದು ಹಾಳೆಗೆ ಸಹಿ, ಕಡಿದ ಮರಕ್ಕೆ ತೋಟಗಾರಿಕೆ ಇಲಾಖೆಯ ಲೆಕ್ಕದ ಪರಿಹಾರ, ಕೆಲಸ ಶುರು. ಬದುವಿನ ಮೇಲೆ ಒಂದೆರಡು ಕಂಬ ಬರುವುದಾದರೆ, ಮರ ಹೋಗದಿದ್ದರೆ, ಆ ಜಾಗದಲ್ಲಿ ಮುಂದೆ ಮನೆ ಕಟ್ಟುವ ಯೋಚನೆ ಇಲ್ಲದಿದ್ದರೆ ಇದೇ ಸಾಕು. ಇದಕ್ಕಿಂತ ಹೆಚ್ಚಿಗೆ ಓಡಾಡುವುದು ವ್ಯರ್ಥ ಖರ್ಚು.

ಆದರೆ ಆ ಹಾಳೆಯಲ್ಲಿ ಏನಿದೆ ಅನ್ನುವುದು ತುಂಬ ಮುಖ್ಯ. ನಮ್ಮ ದೊಡ್ಡಪ್ಪನ ಜಮೀನಿನಲ್ಲಿ ಖಾಲಿ ಜಾಗ ಇದ್ದ ಹಾಳೆಗೇ ಸಹಿ ಬಿತ್ತು. ಮೊದಲು ಮೂರು ಕಂಬ ಬಂದವು. ಒಂದು ವರ್ಷದ ಮೇಲೆ ಅದೇ ಕಂಬಗಳ ಮೇಲೆ ಇನ್ನೊಂದು ಲೈನ್ ಎಳೆದರು. ಆಮೇಲೆ ತಿರುವಿನಲ್ಲಿ ಜೋಡಿ ಕಂಬ ನೆಟ್ಟು ಟ್ರಾನ್ಸ್‌ಫಾರ್ಮರ್ ಕೂರಿಸಿದರು. ಕೇಳಲು ಹೋದರೆ ಆ ಹಾಳೆಯನ್ನೇ ತೋರಿಸಿದರು.

ಹಾಗಾಗಿ ಸಹಿಗೆ ಮೊದಲು ಇವಿಷ್ಟು ಬರೆಸಿ: ಎಷ್ಟು ಕಂಬ, ಎಷ್ಟು ಕೆವಿ, ಒಂದೇ ಸರ್ಕ್ಯೂಟೋ ಎರಡೋ, ಸ್ಟೇ ವೈರ್ (ಕಂಬ ವಾಲದ ಹಾಗೆ ನೆಲಕ್ಕೆ ಎಳೆದು ಕಟ್ಟುವ ತಂತಿ) ಯಾವ ಕಡೆಗೆ. ಈ ಸ್ಟೇ ವೈರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಬ ಒಂದು ಅಡಿ ಜಾಗ ತಿಂದರೆ ಸ್ಟೇ ವೈರ್ ಟ್ರ್ಯಾಕ್ಟರ್ ತಿರುಗುವ ಜಾಗವನ್ನೇ ತಿನ್ನುತ್ತದೆ. ಕೈಯಲ್ಲಿ ಬರೆದ ನಕ್ಷೆಯಾದರೂ ಸರಿ, ಅಳತೆ ಹಾಕಿ ಜೊತೆಗೆ ಲಗತ್ತಿಸಿ. ಹೊಸ ಲೈನ್ ಅಥವಾ ಟ್ರಾನ್ಸ್‌ಫಾರ್ಮರ್ ಬೇಕಾದರೆ ಹೊಸ ಒಪ್ಪಿಗೆ ಬೇಕು ಅಂತ ಸೇರಿಸಿ. ರಿಪೇರಿಗೆ ಬಂದಾಗ ಬೆಳೆ ಹಾಳಾದರೆ ಪ್ರತಿ ಸಲವೂ ಪರಿಹಾರ. ‘ಯಾವುದೇ ಕಾಲಕ್ಕೂ ತಕರಾರು ಇಲ್ಲ’ ಅನ್ನುವ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ಇಬ್ಬರೂ ಸಣ್ಣ ಸಹಿ ಮಾಡಿ.

ಕಾಗದಕ್ಕೆ ಆ ಕಡೆಯಿಂದ ಸಹಿ ಹಾಕಬೇಕಾದವರು ಯಾರು? ಲೈನ್ ಯಾರದ್ದೋ ಅವರು, ಅಂದರೆ ವಿದ್ಯುತ್ ಕಂಪನಿಯ ಎಂಜಿನಿಯರ್. ಸ್ಥಳಾಂತರದ ಖರ್ಚು ಕೊಡುವುದು ರಸ್ತೆ ಯೋಜನೆ, ಕೆಲಸ ಮಾಡುವುದು ಗುತ್ತಿಗೆದಾರ, ಲೈನ್ ಉಳಿಯುವುದು ವಿದ್ಯುತ್ ಕಂಪನಿಯ ಕೈಯಲ್ಲಿ. ಗುತ್ತಿಗೆದಾರರು ಒಳ್ಳೆಯವರೇ ಇರಬಹುದು, ಆದರೆ ರಸ್ತೆ ಮುಗಿದ ಮೇಲೆ ಅವರು ಊರಲ್ಲಿ ಇರುವುದಿಲ್ಲ. ಅವರ ಮಾತನ್ನು ನಂಬಿ ‘ಆಮೇಲೆ ನೋಡ್ಕೊಳ್ಳೋಣ’ ಅಂದವರು ಇವತ್ತಿಗೂ ಫೋನ್ ಮಾಡುತ್ತಲೇ ಇದ್ದಾರೆ.

ನೋಂದಾಯಿತ ಬಳಕೆ ಹಕ್ಕು, ಒಂದೇ ಸಲಕ್ಕೆ ದುಡ್ಡು

ಇದನ್ನೇ ಈಸ್‌ಮೆಂಟ್ ಅನ್ನುತ್ತಾರೆ, ಕನ್ನಡದ ಕಾನೂನು ಪುಸ್ತಕಗಳಲ್ಲಿ ಅನುಭೋಗದ ಹಕ್ಕು. ಜಮೀನು ನಿಮ್ಮದೇ, ಪಹಣಿಯ 9ನೇ ಕಾಲಂನಲ್ಲಿ ಹೆಸರೂ ನಿಮ್ಮದೇ. ಇಷ್ಟು ಅಗಲ, ಇಷ್ಟು ಉದ್ದದ ಪಟ್ಟಿಯಲ್ಲಿ ಲೈನ್ ಇಡುವ, ರಿಪೇರಿಗೆ ಬರುವ ಹಕ್ಕು ಮಾತ್ರ ಅವರದ್ದು. 100 ರೂಪಾಯಿಗಿಂತ ಜಾಸ್ತಿ ಬೆಲೆಯ ಇಂಥ ಹಕ್ಕಿನ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಸಾದಾ ಛಾಪಾ ಕಾಗದದ ಮೇಲೆ ಬರೆದುಕೊಂಡರೆ ಮುಂದೆ ಎರಡೂ ಕಡೆಯವರಿಗೆ ತೊಂದರೆ.

ಒಪ್ಪಿಗೆ ಪತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಜಮೀನು ಮಾರುವಾಗ, ಸಾಲ ಕೇಳುವಾಗ ಗೊತ್ತಾಗುತ್ತದೆ. ಈ ಹಕ್ಕು ಇಸಿಯಲ್ಲಿ, ಅಂದರೆ ಜಮೀನಿನ ಋಣಭಾರ ಪತ್ರದಲ್ಲಿ, ಕಾಣುತ್ತದೆ. ಕೊಳ್ಳುವವರು ನೋಡುತ್ತಾರೆ, ಬ್ಯಾಂಕಿನವರು ನೋಡುತ್ತಾರೆ. ಹೆದ್ದಾರಿ ಪಕ್ಕದ ಜಮೀನು, ಮುಂದೆ ಹೋಟೆಲ್ಲೋ ಪೆಟ್ರೋಲ್ ಬಂಕೋ ಬರಬಹುದು ಅಂತ ಆಸೆ ಇದ್ದರೆ ಈ ಗುರುತು ಬೆಲೆ ಇಳಿಸುತ್ತದೆ. ಅದೇ ಹೊತ್ತಿಗೆ ಅಗಲ ಎಷ್ಟು ಅಂತ ಖಚಿತವಾಗಿ ಬರೆದಿರುವುದರಿಂದ ಲೈನ್ ಅದರಾಚೆಗೆ ಹರಡುವುದಿಲ್ಲ. ಬಾಯಿಮಾತಿನ ಕಂಬಕ್ಕಿಂತ ಬರೆದಿಟ್ಟ ಪಟ್ಟಿಯೇ ನನಗೆ ಇಷ್ಟ.

66 ಕೆವಿಗಿಂತ ಕೆಳಗಿನ ಲೈನ್‌ಗೆ ನೋಂದಣಿಯ ತನಕ ಹೋಗಲು ಅವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ನೀವು ಕೇಳುವುದು ನಿಮ್ಮ ಹಕ್ಕು, ಆದರೆ ಒಂದು ಕಂಬಕ್ಕೆ ಇಷ್ಟು ಎಳೆದಾಡಬೇಕಾ ಅಂತ ನೋಡಿಕೊಳ್ಳಿ. ಮಣ್ಣಿನಡಿಯ ದೊಡ್ಡ ನೀರಿನ ಪೈಪು, ಉದ್ದಕ್ಕೂ ಹೋಗುವ ಕೇಬಲ್ಲು ಇಂಥವಕ್ಕೆ ಮಾತ್ರ ಇದನ್ನು ಬಿಡಬೇಡಿ.

ವರ್ಷದ ಬಾಡಿಗೆ

ಕೇಳಲು ಚೆನ್ನಾಗಿದೆ. ಬೆಲೆ ಏರಿದ ಹಾಗೆ ಬಾಡಿಗೆಯೂ ಏರುವ ಹಾಗೆ ಬರೆಸಿಕೊಂಡರೆ ವಯಸ್ಸಾದವರಿಗೆ ಒಂದು ಆಸರೆ. ಮೊಬೈಲ್ ಟವರ್‌ನವರು ಕೊಡುವುದಿಲ್ಲವಾ, ಹಾಗೇ. ಆದರೆ 11 ಕೆವಿ ಕಂಬಕ್ಕೆ ಮಾತುಕತೆಯಲ್ಲಿ ಇದನ್ನು ಒಪ್ಪಿಸುವುದು ಕಷ್ಟ, ಹೆಚ್ಚಾಗಿ ಡಿಸಿ ಆದೇಶದ ಮೂಲಕವೇ ಬರಬೇಕು. ಇನ್ನೊಂದು ಎಚ್ಚರಿಕೆ: ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡಲು ಭೂಸುಧಾರಣಾ ಕಾಯ್ದೆಯ ಅಡ್ಡಿ ಇದೆ. ಕಾಗದದಲ್ಲಿ ಗೇಣಿ, ಲೀಸ್ ಅನ್ನುವ ಮಾತು ಬಾರದ ಹಾಗೆ ವಕೀಲರಿಂದ ಬರೆಸಿ.

ಟವರ್ ಲೈನ್ ಬಂದರೆ: ಲೆಕ್ಕ ಹಾಕಿ ನೋಡೋಣ

ಇಲ್ಲಿ ಒಪ್ಪಿಗೆಯ ಬಲ ಕಮ್ಮಿ, ಪರಿಹಾರದ ನಿಯಮ ಜಾಸ್ತಿ. ಕೇಂದ್ರ ವಿದ್ಯುತ್ ಸಚಿವಾಲಯ 2015ರ ಅಕ್ಟೋಬರ್‌ನಲ್ಲಿ ಒಂದು ಮಾರ್ಗಸೂಚಿ ಕೊಟ್ಟಿತ್ತು. 66 ಕೆವಿ ಮತ್ತು ಮೇಲಿನ ಲೈನ್‌ಗಳಿಗೆ ಟವರ್ ಕೂರುವ ಜಾಗಕ್ಕೆ ಜಮೀನಿನ ಬೆಲೆಯ ನೂರಕ್ಕೆ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ 15. 2024ರ ಜೂನ್‌ನಲ್ಲಿ ಅದನ್ನು ಬದಲಿಸಿ ಟವರ್ ಜಾಗಕ್ಕೆ ನೂರಕ್ಕೆ 200, ಪಟ್ಟಿಗೆ 30 ಅಂತ ಮಾಡಿದರು. 2025ರ ಮಾರ್ಚ್‌ನಲ್ಲಿ ನಗರದ ಜಮೀನಿಗೆ ಪಟ್ಟಿಯ ದರ ಇನ್ನೂ ಏರಿತು. ಬೆಳೆ, ಮರದ ಪರಿಹಾರ ಬೇರೆ. ಕೇಂದ್ರದ ಈ ಮಾರ್ಗಸೂಚಿಯನ್ನು ರಾಜ್ಯಗಳು ಹಾಗೇ ತೆಗೆದುಕೊಳ್ಳಬಹುದು, ಬದಲಿಸಿಯೂ ತೆಗೆದುಕೊಳ್ಳಬಹುದು. ಹಾಗಾಗಿ ‘ಈಗ ನಮ್ಮ ರಾಜ್ಯದಲ್ಲಿ ಜಾರಿಯಲ್ಲಿರುವ ಆದೇಶದ ಪ್ರತಿ ಕೊಡಿ’ ಅಂತ ಮೊದಲ ಭೇಟಿಯಲ್ಲೇ ಕೇಳಿ. ‘ಇದು ಹೊಸ ಲೈನ್ ಅಲ್ಲ, ಹಳೆಯದನ್ನೇ ಸರಿಸಿದ್ದು’ ಅಂತ ಹೇಳಿ ದರ ಕಮ್ಮಿ ಮಾಡಲು ನೋಡುವವರೂ ಇದ್ದಾರೆ. ನಿಮ್ಮ ಜಮೀನಿಗೆ ಅದು ಹೊಸದೇ ಅಲ್ವಾ? ಆ ಮಾತನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಒಂದು ಲೆಕ್ಕ ಮಾಡೋಣ. ಎಕರೆಗೆ ಬೆಲೆ 20 ಲಕ್ಷ ಅಂತ ಇಟ್ಟುಕೊಳ್ಳಿ. 66 ಕೆವಿ ಲೈನ್ ನಿಮ್ಮ ಜಮೀನನ್ನು 100 ಮೀಟರ್ ಉದ್ದ ದಾಟುತ್ತದೆ, ನಡುವೆ ಒಂದು ಟವರ್. ಟವರ್ ಕಾಲುಗಳ ನಡುವಿನ ಜಾಗ 4 ಮೀಟರ್ ಚೌಕ ಆದರೆ, 2024ರ ಮಾರ್ಗಸೂಚಿಯಂತೆ ಸುತ್ತಲೂ 1 ಮೀಟರ್ ಸೇರಿಸಿ 6 ಮೀಟರ್ ಚೌಕ, ಅಂದರೆ 36 ಚದರ ಮೀಟರ್. ಅದರ ಬೆಲೆ ಸುಮಾರು 17,800 ರೂಪಾಯಿ. ಎರಡರಷ್ಟು ಅಂದರೆ 35,600. ಈಗ ಪಟ್ಟಿ ನೋಡಿ. 66 ಕೆವಿಗೆ ಅಗಲ 18 ಮೀಟರ್. 100 ಮೀಟರ್ ಉದ್ದಕ್ಕೆ 1,800 ಚದರ ಮೀಟರ್, ಅಂದರೆ ಸುಮಾರು 18 ಗುಂಟೆ. ಬೆಲೆ 8 ಲಕ್ಷ 90 ಸಾವಿರ. ನೂರಕ್ಕೆ 30 ಅಂದರೆ 2 ಲಕ್ಷ 67 ಸಾವಿರ.

ಎಲ್ಲರೂ ಟವರ್ ಕಾಲಿನ ಬಗ್ಗೆ ಜಗಳ ಆಡುತ್ತಾರೆ. ದುಡ್ಡು ಇರುವುದು ಪಟ್ಟಿಯಲ್ಲಿ. ನಷ್ಟ ಇರುವುದೂ ಅಲ್ಲೇ. 30 ಅಡಿ ಅಂತರದ ತೋಟವಾದರೆ ಆ 18 ಗುಂಟೆಯಲ್ಲಿ ಸುಮಾರು 22 ತೆಂಗಿನ ಮರ. ಅವು ಹೋದ ಮೇಲೆ ಅಲ್ಲಿ ಮತ್ತೆ ತೆಂಗು ಹಾಕುವಂತಿಲ್ಲ. ಕಟ್ಟಡವೂ ಇಲ್ಲ. ಮರದ ಪರಿಹಾರದ ಲೆಕ್ಕದಲ್ಲಿ ವಯಸ್ಸು, ವರ್ಷದ ಇಳುವರಿ, ಇನ್ನೆಷ್ಟು ವರ್ಷ ಫಲ ಕೊಡುತ್ತದೆ ಅನ್ನುವುದು ಮುಖ್ಯ. ಹಾಗಾಗಿ ಮಹಜರ್ ಮಾಡುವ ದಿನ ನೀವು ತೋಟದಲ್ಲೇ ಇರಬೇಕು. ಪ್ರತಿ ಮರಕ್ಕೂ ಸುಣ್ಣದಲ್ಲಿ ನಂಬರ್ ಬರೆಯಿರಿ, ಗೊನೆ ಕಾಣುವ ಹಾಗೆ ಫೋಟೋ ತೆಗೆಯಿರಿ. ಕಡಿದ ಮೇಲೆ ಬುಡ ನೋಡಿ ಯಾರೂ ಇಳುವರಿ ಹೇಳಲಾರರು.

ಲೆಕ್ಕದಲ್ಲಿ ಹಿಡಿಯುವ ‘ಜಮೀನಿನ ಬೆಲೆ’ ಯಾವುದು ಅನ್ನುವುದೂ ಕೇಳಬೇಕಾದ ಪ್ರಶ್ನೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಹೆದ್ದಾರಿ ಪಕ್ಕದಲ್ಲಿ ನಿಜವಾದ ಬೆಲೆಗಿಂತ ತುಂಬ ಕಮ್ಮಿ ಇರುತ್ತದೆ. ಹೆದ್ದಾರಿಗೆ ನಿಮ್ಮದೇ ಸರ್ವೆ ನಂಬರ್ ಹೋದಾಗ ಎಷ್ಟು ಬೆಲೆ ಕಟ್ಟಿದ್ದರು? ಆ ಆದೇಶದ ಪ್ರತಿ ನಿಮ್ಮ ಬೀರುವಿನಲ್ಲಿ ಇರುತ್ತದಲ್ವಾ, ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಟೆಲಿಗ್ರಾಫ್ ಕಾಯ್ದೆಯ 17ನೇ ಸೆಕ್ಷನ್ ಕೂಡ ನೆನಪಿಡಿ. ಮುಂದೆ ನೀವು ಆ ಜಮೀನನ್ನು ಬೇರೆ ರೀತಿ ಬಳಸಬೇಕಾದರೆ, ಲೈನನ್ನು ಜಮೀನಿನ ಇನ್ನೊಂದು ಭಾಗಕ್ಕೆ ಸರಿಸಿ ಅಂತ ಕೇಳಲು ಅವಕಾಶ ಇದೆ. ಪರಿಹಾರ ತೆಗೆದುಕೊಂಡಿದ್ದರೆ ಸರಿಸುವ ಖರ್ಚು ಅಥವಾ ಪಡೆದ ಪರಿಹಾರದ ಅರ್ಧ, ಯಾವುದು ಕಮ್ಮಿಯೋ ಅದನ್ನು ಕಟ್ಟಬೇಕು. ಅವರು ಮಾಡದಿದ್ದರೆ ಡಿಸಿ ಹತ್ತಿರ ಅರ್ಜಿ.

ಆ ಪಟ್ಟಿಯನ್ನೇ ಮಾರಿಬಿಡುವುದು

ಟವರ್ ಜಮೀನಿನ ಮೂಲೆಗೆ ಬಂದು, ರಸ್ತೆಗೂ ಅದಕ್ಕೂ ನಡುವೆ ಉಳುಮೆಗೆ ಆಗದ ತುಂಡು ಉಳಿದರೆ ಮಾತ್ರ ಇದನ್ನು ಯೋಚಿಸಿ. ಸರ್ವೆ ನಂಬರಿನ ಭಾಗ ಮಾರಲು 11ಇ ನಕ್ಷೆ (ಆ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು, ಸಮಯ ಹಿಡಿಯುತ್ತದೆ. ಹೆದ್ದಾರಿ ಸ್ವಾಧೀನ ಇನ್ನೂ ನಡೆಯುತ್ತಿದ್ದರೆ ಆ ತುಂಡನ್ನೂ ಸೇರಿಸಿ ಅಂತ ಅಲ್ಲೇ ಕೇಳುವುದು ಒಳ್ಳೆಯದು. ಅಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದರೆ ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಹಣ, ಸಿಗುತ್ತದೆ. ಜಮೀನು ಎರಡು ತುಂಡಾಗಿದ್ದರೆ ಆ ನಷ್ಟವನ್ನೂ 3ಜಿ(7) ಅಡಿ ಕೇಳಬಹುದು.

ಆಗುವುದಿಲ್ಲ ಅಂತ ಹೇಳಿ ಡಿಸಿ ಮುಂದೆ ಹೋಗುವುದು

ತೀರಾ ಅನ್ಯಾಯ ಅನ್ನಿಸಿದಾಗ ಇದೂ ಒಂದು ದಾರಿ, ತಪ್ಪಲ್ಲ. ಆದರೆ ಕೆಲಸಗಾರರನ್ನು ಅಡ್ಡಗಟ್ಟಬೇಡಿ, ಗೂಟ ಕೀಳಬೇಡಿ. ಆಕ್ಷೇಪಣೆ ಬರವಣಿಗೆಯಲ್ಲಿ ಇರಲಿ, ಅದರ ಜೊತೆ ‘ಇಲ್ಲಿ ಬೇಡ, ಇಲ್ಲಿ ಹಾಕಿ’ ಅನ್ನುವ ನಕ್ಷೆಯೂ ಇರಲಿ. ಬರೀ ಬೇಡ ಅಂದವರ ಅರ್ಜಿಗೂ ಬೇರೆ ಜಾಗ ತೋರಿಸಿದವರ ಅರ್ಜಿಗೂ ಸಿಗುವ ಮರ್ಯಾದೆ ಬೇರೆ. 11 ಕೆವಿ ವಿಷಯದಲ್ಲಿ ಡಿಸಿ ಆದೇಶದ ಮೇಲೆ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಹೋಗಬಹುದು. ಟವರ್ ಲೈನ್ ಆದರೆ ಡಿಸಿ ಅನುಮತಿ ಕೊಟ್ಟ ಮೇಲೆ ಜಾಗದ ಮಾತು ಮುಗಿದ ಹಾಗೆ, ಉಳಿಯುವುದು ಹಣದ ಮಾತು, ಅದು ಜಿಲ್ಲಾ ನ್ಯಾಯಾಲಯದಲ್ಲಿ. ಹೀಗಾಗಿ ಈ ದಾರಿ 11 ಕೆವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, 220 ಕೆವಿಗೆ ಅಷ್ಟಾಗಿ ಇಲ್ಲ.

ನಾವು ಏನು ಮಾಡಿದೆವು

ಅಪ್ಪ ಸಹಿ ಹಾಕದ್ದರಿಂದ ಹತ್ತು ದಿನದ ಮೇಲೆ ವಿದ್ಯುತ್ ಕಂಪನಿಯ ಸೆಕ್ಷನ್ ಅಧಿಕಾರಿ ತಾವೇ ಬಂದರು. ಅಪ್ಪ, ನಾನು, ಅವರು, ಒಬ್ಬ ಲೈನ್‌ಮನ್, ನಾಲ್ಕು ಜನ ಟೇಪು ಹಿಡಿದು ನಡೆದೆವು. ಗೂಟದ ಗೆರೆಯಲ್ಲಿ 14 ಮರ. ಅಲ್ಲಿಂದ 11 ಮೀಟರ್ ಸರಿದರೆ ತೋಟದ ಅಂಚಿನ ಬದು, ಆ ಗೆರೆಯಲ್ಲಿ 3 ಮರ, ಅದರಲ್ಲಿ ಒಂದು ಸುಳಿ ಕೊಳೆತದ್ದು. ಬದುವಿನ ಮೇಲೆ ಹೋದರೆ ತಿರುವು ಬರುತ್ತದೆ, ಒಂದು ಕಂಬ ಜಾಸ್ತಿ, ಒಂದು ಸ್ಟೇ ಜಾಸ್ತಿ ಅಂದರು. ಸ್ಟೇ ಬೇಕಾದರೆ ಬದುವಿನ ಉದ್ದಕ್ಕೇ ಹಾಕಿ, ಕಂಬದ ಬಾಡಿಗೆ ನಮಗೆ ಬೇಡ, ಮೂರು ಮರದ ಪರಿಹಾರ ಮಾತ್ರ ಕೊಡಿ ಅಂದರು ಅಪ್ಪ. ಆ ಮಾತಿಗೆ ಅವರು ಒಪ್ಪಿದರು. 11 ಮರ ಉಳಿದವು. ಬಾಡಿಗೆ ಕೇಳಿ ಗೆದ್ದಿದ್ದರೂ ಆ ಮರಗಳ ಕಾಯಿಯ ಲೆಕ್ಕಕ್ಕೆ ಅದು ಬರುತ್ತಿರಲಿಲ್ಲ.

ನೆಲದಡಿ ಕೇಬಲ್ ಹಾಕಿ ಅಂತಲೂ ಕೇಳಿದ್ದೆವು. ಖರ್ಚು ತುಂಬ ಜಾಸ್ತಿ, ಅಂದಾಜು ಪಟ್ಟಿಯಲ್ಲಿ ಇಲ್ಲ ಅಂದರು. ಪೇಟೆಯ ಹತ್ತಿರದವರು ಕೇಳಿ ನೋಡಬಹುದು. ಕೇಬಲ್ ಬಂದರೆ ಎತ್ತರದ ಮರಕ್ಕೆ ತೊಂದರೆ ಇಲ್ಲ, ಆದರೆ ಅದರ ಮೇಲೆ ಹೊಸ ಗುಂಡಿ ತೋಡುವಂತಿಲ್ಲ, ಕೆಟ್ಟಾಗ ಅಗೆಯುತ್ತಾರೆ. ಬಂಡಿ ದಾರಿಯ ಉದ್ದಕ್ಕೆ ಆದರೆ ತೋಟಕ್ಕೆ ಇದೇ ಒಳ್ಳೆಯದು.

ಸಹಿಗೆ ಮೊದಲು ಮನೆಯೊಳಗಿನ ಕಾಗದ

ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಇಲ್ಲದಿದ್ದರೆ ಚೆಕ್ ಯಾರ ಹೆಸರಿಗೆ ಅನ್ನುವುದರಲ್ಲೇ ವರ್ಷ ಹೋಗುತ್ತದೆ. ಜಂಟಿ ಖಾತೆ ಆದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಸಹಿ ಬೇಕು. ಒಬ್ಬರು ಸಹಿ ಹಾಕಿ ದುಡ್ಡು ತೆಗೆದುಕೊಂಡು, ಆಮೇಲೆ ಮನೆಯೊಳಗೆ ಮಾತು ನಿಂತುಹೋದದ್ದನ್ನು ನಾನು ಎರಡು ಕಡೆ ನೋಡಿದ್ದೇನೆ. 11ನೇ ಕಾಲಂನಲ್ಲಿ ಬ್ಯಾಂಕ್ ಸಾಲ ಇದ್ದರೆ ನೋಂದಾಯಿತ ಹಕ್ಕಿಗೆ ಬ್ಯಾಂಕಿನ ಪತ್ರವೂ ಬೇಕಾಗುತ್ತದೆ. ಪಿಟಿಸಿಎಲ್ ಜಮೀನು (ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದು) ಆದರೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವುದೂ, ಗುತ್ತಿಗೆಗೆ ಕೊಡುವುದೂ ಆಗುವುದಿಲ್ಲ, ವಕೀಲರನ್ನು ಕೇಳದೆ ಯಾವುದಕ್ಕೂ ಸಹಿ ಹಾಕಬೇಡಿ.

ನಿಮ್ಮದೇ ಪೈಪಿನ ವಿಷಯ

ಇದನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ಮಾತುಕತೆಯಲ್ಲಿ ಮೊದಲೇ ಎತ್ತಬೇಕು. ಅವರ ಲೈನ್ ಬಗ್ಗೆ ಮಾತಾಡುವ ಗಡಿಬಿಡಿಯಲ್ಲಿ ನಮ್ಮದನ್ನೇ ಮರೆಯುತ್ತೇವೆ. ಬೋರ್‌ವೆಲ್ ರಸ್ತೆಯ ಈ ಕಡೆ, ತೋಟ ಆ ಕಡೆ ಇದ್ದರೆ ನೀರು ದಾಟುವುದು ಹೇಗೆ? ರಸ್ತೆ ಮುಗಿದ ಮೇಲೆ ಅಡ್ಡ ಅಗೆಯಲು ಹೆದ್ದಾರಿಯವರ ಅನುಮತಿ ಬೇಕು, ಶುಲ್ಕ ಬೇಕು, ತಿಂಗಳುಗಟ್ಟಲೆ ಓಡಾಟ. ಮಣ್ಣಿನ ಕೆಲಸ ನಡೆಯುವಾಗಲೇ ಒಂದು ಖಾಲಿ ಹ್ಯೂಮ್ ಪೈಪನ್ನು ಅಡ್ಡ ಇಟ್ಟುಕೊಡಿ ಅಂತ ಯೋಜನಾ ಕಚೇರಿಗೆ ಅರ್ಜಿ ಕೊಡಿ. ಆರು ಇಂಚಿನದು ಬೇಡ, ಒಂದು ಅಡಿಯದ್ದು ಕೇಳಿ, ನೀರಿನ ಪೈಪೂ ಮೋಟಾರಿನ ಕೇಬಲ್ಲೂ ಎರಡೂ ಹೋಗಬೇಕಲ್ವಾ. ಇಟ್ಟ ದಿನವೇ ಎರಡೂ ಬಾಯಿಗೆ ಚೀಲ ಕಟ್ಟಿ ಮಣ್ಣು ತುಂಬದ ಹಾಗೆ ಮುಚ್ಚಿ, ರಸ್ತೆಯ ಎರಡೂ ಕಡೆ ಅದರ ನೇರಕ್ಕೆ ಒಂದೊಂದು ಕಲ್ಲು ನೆಡಿ. ಚರಂಡಿ ಕಟ್ಟುವವರು ಬಂದಾಗ ಆ ಕಲ್ಲು ಇಲ್ಲದಿದ್ದರೆ ಪೈಪು ಎಲ್ಲಿದೆ ಅಂತ ಹುಡುಕುವುದು ಕಷ್ಟ.